ಬೆಳಗಿನ ಸೋಮಾರಿ ನೀರು

ಡಾಕ್ಟರ್ ಗುಲಂದಾಮ್‌ಗೆ ಭೌತಶಾಸ್ತ್ರ ಕಲಿಸಿದವರು ಯಾರು ಎಂದು ಟೆಹರಾನಿನಲ್ಲಿ ಕೇಳಿದರೆ ಒಬ್ಬ ದೊಡ್ಡ ಪ್ರೊಫೆಸರರ ಹೆಸರು ಹೇಳುತ್ತಾರೆ. ಪರದೇಶದಲ್ಲಿ ಕೇಳಿದರೆ ಇನ್ನೊಬ್ಬರ ಹೆಸರು. ಜೂಬಾಗ್ ಊರಿನವರನ್ನು ಕೇಳಿದರೆ ಬಾಯೇ ಬಿಡುವುದಿಲ್ಲ. ಗದ್ದ ಎತ್ತಿ ಊರ ತಲೆಯಲ್ಲಿರುವ ಹಿಪ್ಪುನೇರಳೆ ಮರದ ಕಡೆ ತೋರಿಸುತ್ತಾರೆ. ಮರದ ಬುಡದಲ್ಲಿ ಮಣ್ಣಿನ ಗುಮ್ಮಟದ ಪುಟ್ಟ ಕೋಣೆಯೊಂದಿದೆ. ಬಾಗಿಲು ಎಷ್ಟು ತಗ್ಗೆಂದರೆ ಹಾಜಿಯೂ ಬಗ್ಗಬೇಕು, ಆಳೂ ಬಗ್ಗಬೇಕು. ಈಗ ಅದರೊಳಗೆ ಗುಬ್ಬಿಗಳ ಸಂಸಾರ. ಆಗ ಅಲ್ಲಿ ಅವಳ ಅಜ್ಜ, ತಾಯಿಯ ಅಪ್ಪ, ನೌರೂಜ್ ಅಲಿ ಕೂರುತ್ತಿದ್ದ.

ಅವನ ಕೆಲಸ ನೀರು ನೋಡುವುದು. ಬೇರೆ ಕೆಲಸವನ್ನು ಅವನು ಮಾಡಲೂ ಇಲ್ಲ, ಅವನಿಂದ ಆಗುತ್ತಲೂ ಇರಲಿಲ್ಲ.

ಊರಿನ ಉಸಿರೆಲ್ಲ ಕಾರೀಜಿನಲ್ಲಿತ್ತು. ಬೆಟ್ಟದ ಬುಡದಿಂದ ನೆಲದಡಿಯ ಸುರಂಗದಲ್ಲಿ ಮೂರು ಹರದಾರಿ ಕತ್ತಲಲ್ಲೇ ನಡೆದು ಬಂದ ನೀರು ಆ ಮರದ ಬಳಿ ಬೆಳಕು ಕಾಣುತ್ತಿತ್ತು. ಅಲ್ಲಿಂದ ಸರದಿಯ ಮೇಲೆ ಒಬ್ಬೊಬ್ಬರ ಕೇಸರಿ ಹೊಲಕ್ಕೆ, ದಾಳಿಂಬೆ ತೋಟಕ್ಕೆ ಹರಿಯುತ್ತಿತ್ತು. ಯಾರ ಪಾಲು ಎಷ್ಟು ಹೊತ್ತು ಎಂದು ಹೇಳುವುದು ಗಳಿಗೆ ಬಟ್ಟಲು. ಅಗಲ ಬಾಯಿಯ ಕೊಪ್ಪರಿಗೆಯಲ್ಲಿ ನೀರು, ಆ ನೀರಿನ ಮೇಲೆ ತೇಲುವ ತಾಮ್ರದ ಬಟ್ಟಲು, ಬಟ್ಟಲಿನ ತಳದಲ್ಲಿ ಸೂಜಿಮೊನೆಯಷ್ಟು ತೂತು. ತೂತಿನಿಂದ ನೀರು ಮೆಲ್ಲಗೆ ಒಳಗೆ ಏರುತ್ತದೆ. ಬಟ್ಟಲು ನಿದ್ದೆ ಬಂದ ಮಗುವಿನ ತಲೆಯ ಹಾಗೆ ಒಂದಿಷ್ಟು ತೂಗಿ, ಗುಳುಕ್ ಎಂದು ಮುಳುಗುತ್ತದೆ. ನೌರೂಜ್ ತೋಳು ಇಳಿಬಿಟ್ಟು ಅದನ್ನು ಎತ್ತಿ, ಬೋರಲು ಹಾಕಿ, ಮತ್ತೆ ತೇಲಿಬಿಟ್ಟು, ಎಡಗಡೆ ಗುಡ್ಡೆಯಿಂದ ಒಂದು ಬೆಣಚುಕಲ್ಲನ್ನು ಬಲಗಡೆಗೆ ಸರಿಸುತ್ತಿದ್ದ. ಒಬ್ಬರ ಕಲ್ಲು ಮುಗಿದ ಕೂಡಲೇ ಹೊರಗೆ ಕೂಗು ಹಾಕಿದರೆ ಕಾಲುವೆ ತಿರುಗುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ, ಇಪ್ಪತ್ತರ ಹರೆಯದಲ್ಲಿ ಅವನು ಆ ಚಾಪೆಯ ಮೇಲೆ ಕೂತವನು. ನಲವತ್ತು ವರ್ಷ ಹಗಲೆಲ್ಲ ಅವನದು. ಸಂಜೆಯಾದ ಮೇಲೆ ಅವನ ತಮ್ಮನದು. ನೀರನ್ನೇ ನೋಡಿ ನೋಡಿ ಅವನ ಕಣ್ಣಿಗೆ ನೀರಿನ ಬಣ್ಣವೇ ಬಂದಿತ್ತು ಎನ್ನುತ್ತಿದ್ದರು. ನಡು ಹಗಲಿನಲ್ಲಿ ಬಾಗಿಲಿನಿಂದ ಬಿಸಿಲು ಬಂದು ಕೊಪ್ಪರಿಗೆಯ ಮೇಲೆ ಬೀಳುತ್ತಿತ್ತು. ಆಗ ಗುಮ್ಮಟದ ಒಳಮೈ ತುಂಬ ಬೆಳಕಿನ ಬಳ್ಳಿಗಳು ಹರಿದಾಡುತ್ತಿದ್ದವು. ಅವನು ಗೋಡೆಗೆ ಒರಗಿ, ಕಣ್ಣು ಅರೆ ಮುಚ್ಚಿ, ಇಲ್ಲಿಯೂ ಇಲ್ಲದ ಅಲ್ಲಿಯೂ ಇಲ್ಲದ ಒಂದು ಜಾಗದಲ್ಲಿ ಇರುತ್ತಿದ್ದ. ಸತ್ತ ಅಪ್ಪ ಬಂದು ಎದುರಿಗೆ ಕೂತು ಚಹಾ ಕುಡಿದು ಹೋಗುತ್ತಿದ್ದ. ಹೀಗಿದ್ದರೂ ಬಟ್ಟಲು ಗುಳುಕ್ ಎಂದಾಗ ಅವನ ಕೈ ತಾನಾಗಿಯೇ ನೀರಿಗೆ ಇಳಿಯುತ್ತಿತ್ತು. ಒಂದು ಬಟ್ಟಲೂ ತಪ್ಪಿದ್ದಿಲ್ಲ. ಅದೇ ಅವನ ಆಸ್ತಿ, ಅದೇ ಅವನ ಹೆಸರು. ಮನೆಯಲ್ಲಿ ಒಂದು ಒಳ್ಳೆಯ ಕಂಬಳಿ ಇರಲಿಲ್ಲ, ಆದರೆ ಊರಲ್ಲಿ ಜಗಳವಾದರೆ ಜನ "ಮಶ್ದಿ ನೌರೂಜನ ಬಟ್ಟಲಾಣೆ" ಎಂದು ಆಣೆ ಇಡುತ್ತಿದ್ದರು; ಮಶ್ದಿ ಎಂಬುದು ಅಲ್ಲಿ ಹಿರಿಯರಿಗೆ ಗೌರವದ ಮಾತು.

ಕೊಪ್ಪರಿಗೆಯ ನೀರಿಗೆ ಅಲ್ಲಿ ಸಾಕ್ಷಿ ನೀರು ಎಂದು ಹೆಸರು. ಹಿಂದೆ ಯಾವ ಕಾಲದಲ್ಲೋ ಒಬ್ಬ ಕಿಲಾಡಿ ಅದರಲ್ಲಿ ಜೇಡಿಮಣ್ಣು ಕದಡಿ, ಬಟ್ಟಲಿನ ತೂತು ಅರ್ಧ ಕಟ್ಟಿಕೊಳ್ಳುವ ಹಾಗೆ ಮಾಡಿ, ತನ್ನ ಪಾಲನ್ನು ಹಿಗ್ಗಿಸಿಕೊಂಡಿದ್ದನಂತೆ. ಅಂದಿನಿಂದ ಕಟ್ಟಳೆಯಾಯಿತು: ಹನ್ನೆರಡು ದಿನಕ್ಕೊಮ್ಮೆ ಎಲ್ಲರ ಸರದಿ ಒಂದು ಸುತ್ತು ಮುಗಿದಾಗ ಹಿರಿಯರೆಲ್ಲ ಸೇರಿ, ಬಿಸ್ಮಿಲ್ಲಾ ಹೇಳಿ, ಹೊಸ ನೀರು ತುಂಬಬೇಕು. ಆಮೇಲೆ ಹನ್ನೆರಡು ದಿನ ಅದನ್ನು ಯಾರೂ ಬದಲಿಸಬಾರದು. ಬಟ್ಟಲು ಎತ್ತುವ ಕೈ ಬಿಟ್ಟು ಬೇರೆ ಕೈ ಅದನ್ನು ಮುಟ್ಟಬಾರದು. ನೌರೂಜ್ ಆ ನೀರನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ. ಒಂದು ಎಲೆ ಬಿದ್ದರೂ ಅವನ ಜೀವ ಹಾರುತ್ತಿತ್ತು.

ಸರದಿಯ ಹೊತ್ತು ತಾತ ಮುತ್ತಾತಂದಿರಿಂದ ಬಂದದ್ದು, ಬದಲಾಗುವಂಥದ್ದಲ್ಲ. ನಸುಕಿನ ನೀರು ಹಾಜಿ ಕಂಬರನದು. ಅದರ ಹಿಂದೆಯೇ, ಕೆಲಸದ ಕೂಲಿಯೆಂದು ಬಂದ ನಾಲ್ಕು ಬಟ್ಟಲು, ನೌರೂಜನ ಸ್ವಂತದ್ದು. ನಡು ಹಗಲಿನ ನೀರು ಬೀಬಿ ಮುನವ್ವರಳದು. ಆಕೆ ಗಂಡ ಸತ್ತ ಹೆಂಗಸು, ನೌರೂಜನಿಗಿಂತ ಹತ್ತು ವರ್ಷ ಹಿರಿಯಳು, ನಾಲಿಗೆ ಕುಡುಗೋಲಿನಂಥದ್ದು. ತನ್ನ ಸರದಿ ಮುಗಿದ ಪ್ರತಿ ಸಲವೂ ಗುದ್ದಲಿ ಹೆಗಲಿಗೆ ಹಾಕಿಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು.

"ಕೊನೇ ಪಾತಿಗೆ ನೀರು ತಲುಪಲಿಲ್ಲ ಕಣೋ ನೌರೂಜ್."

"ಹದಿನಾರು ಬಟ್ಟಲು ನಿಮ್ದು ಬೀಬಿ. ಹದಿನಾರು ಕಲ್ಲು ಇಲ್ಲೇ ಇವೆ. ಎಣಿಸ್ಕೊಳ್ಳಿ."

"ಕಲ್ಲು ಕುಡಿಯುತ್ತೇನೋ ನನ್ನ ದಾಳಿಂಬೆ?"

"ನೀರು ಕಮ್ಮಿ ಇಲ್ಲ ಬೀಬಿ, ನಿಮ್ಮ ಆಸೆ ಜಾಸ್ತಿ" ಎಂದು ಅವನು ಹೇಳಿದರೆ ಹೊರಗೆ ಕೂತವರು ಗೊಳ್ಳೆಂದು ನಗುತ್ತಿದ್ದರು. ಊರಲ್ಲಿ ಯಾರಾದರೂ ಇಲ್ಲದ್ದಕ್ಕೆ ಗೋಳಾಡಿದರೆ "ಮುನವ್ವರಳ ಕೊನೇ ಪಾತಿ" ಎಂದು ಆಡಿಕೊಳ್ಳುವುದು ವಾಡಿಕೆಯಾಗಿಬಿಟ್ಟಿತ್ತು. ಆಕೆ ನೆಲಕ್ಕೆ ಉಗಿದು ಹೋಗುತ್ತಿದ್ದಳು. ಹನ್ನೆರಡು ದಿನ ಬಿಟ್ಟು ಮತ್ತೆ ಬರುತ್ತಿದ್ದಳು.

ಗುಲಂದಾಮ್ ಅಲ್ಲಿಗೆ ಬಂದದ್ದು ಮನೆಯಿಂದ ಓಡಿಸಿಕೊಂಡು. ತಾಯಿ ಶಹ್ರಬಾನು ರತ್ನಗಂಬಳಿ ನೇಯುವವಳು. ಗಂಟು ಎಣಿಸುವಾಗ ಮಗಳು ಪಕ್ಕದಲ್ಲಿ ಕೂತು ವಟವಟ ಎನ್ನುತ್ತಿದ್ದರೆ ಲೆಕ್ಕ ತಪ್ಪಿ, ಹೂವಿನ ಜಾಗದಲ್ಲಿ ಹಕ್ಕಿಯ ಕಾಲು ಮೂಡುತ್ತಿತ್ತು. ತಂದೆ ಕಾರೀಜ್ ತೋಡುವ ಕೆಲಸಕ್ಕೆ ಊರೂರು ಅಲೆಯುವವನು. "ಹೋಗು, ನಿಮ್ಮಜ್ಜನ ಹತ್ರ ಕೂತ್ಕೋ. ಅವನು ಹೇಗೂ ಏನೂ ಕೇಳಿಸ್ಕೊಳ್ಳಲ್ಲ" ಎಂದು ತಾಯಿ ಅಟ್ಟಿದಳು. ಆಗ ಅವಳಿಗೆ ನಾಲ್ಕೋ ಐದೋ.

ಅಜ್ಜ ಕೇಳಿಸಿಕೊಳ್ಳುತ್ತಿದ್ದ. ಒಣ ಹಿಪ್ಪುನೇರಳೆ ಹಣ್ಣನ್ನು ಅಂಗೈಗೆ ಹಾಕಿ, "ಮಾತಾಡು, ಆದ್ರೆ ಮೆಲ್ಲಗೆ. ಬಟ್ಟಲು ಮಲಗಿದೆ" ಎನ್ನುತ್ತಿದ್ದ. ಅವಳು ಬೆಣಚುಕಲ್ಲಿನಲ್ಲಿ ಎಣಿಕೆ ಕಲಿತಳು. ಗುಮ್ಮಟದ ಮೇಲೆ ಓಡುವ ಬೆಳಕಿನ ಬಳ್ಳಿ ಬಟ್ಟಲು ತೂಗಿದಂತೆಲ್ಲ ಯಾವ ಕಡೆ ಬಾಗುತ್ತದೆ ಎಂದು ಅಂಗಾತ ಮಲಗಿ ನೋಡಿದಳು. ಮುಳುಗುವ ಮುಂಚೆ ಬಟ್ಟಲಿನ ಅಂಚಿನಲ್ಲಿ ನೀರು ಒಂದು ಕ್ಷಣ ಉಬ್ಬಿ ನಿಲ್ಲುತ್ತದಲ್ಲ, ಅದನ್ನು ಮೊದಲು ಕಂಡವಳು ಅವಳೇ. "ಅಜ್ಜ, ನೀರಿಗೆ ಚರ್ಮ ಇದೆ!" ಎಂದು ಕಿರುಚಿದಳು. ಅಷ್ಟು ವರ್ಷ ನೋಡಿದ್ದ ಅಜ್ಜ ಬಗ್ಗಿ ನೋಡಿ, "ಹೌದಲ್ಲೇ!" ಎಂದ. ಆ ದಿನವೆಲ್ಲ ಇಬ್ಬರೂ ನೀರಿನ ಚರ್ಮ ನೋಡುತ್ತ ಕೂತರು.

ಊರಿಗೆ ಸರ್ಕಾರದ ಶಾಲೆ ಬಂತು. ಸಮೀಯಿ ಎಂಬ ಮೇಷ್ಟರು ಬಂದರು. ಸಣಕಲು ಮನುಷ್ಯ, ಒಂದೇ ಕೋಟು, ಕೆಮ್ಮು. ಗುಲಂದಾಮಳನ್ನೂ ಗೋಣಿತಟ್ಟಿನ ಮೇಲೆ ಹಿಂದುಗಡೆ ಕೂರಿಸಿಕೊಂಡರು. ನಸುಕಿನಲ್ಲಿ ಎದ್ದು ಅವಳು ಬಟ್ಟಲ ಮನೆಗೆ ಬರುವಳು, ಅಲ್ಲಿಂದ ಶಾಲೆಗೆ, ನಡು ಹಗಲಿಗೆ ಅಜ್ಜನ ರೊಟ್ಟಿ, ಬೇಯಿಸಿದ ಟರ್ನಿಪ್ ಗಡ್ಡೆ ತಂದು ಮತ್ತೆ ಅಲ್ಲೇ ಕೂರುವಳು. ಒಂಬತ್ತನೆಯ ವಯಸ್ಸಿನ ಚಳಿಗಾಲದಲ್ಲಿ ಮಗ್ಗಿ ಬಾಯಿಪಾಠದ ಹುಚ್ಚು ಹಿಡಿಯಿತು. ಬಟ್ಟಲು ತೇಲಿಬಿಟ್ಟ ಕೂಡಲೇ ಒಂದೊಂದ್ಲ ಒಂದು ಎಂದು ಶುರು ಮಾಡಿದರೆ, ಹತ್ತರ ಮಗ್ಗಿಯವರೆಗೆ ಒಂದು ಸುತ್ತು ಮುಗಿಸಿ, ಎರಡನೆಯ ಸುತ್ತಿನಲ್ಲಿರುವಾಗ ಗುಳುಕ್ ಎನ್ನುತ್ತಿತ್ತು. ಅಜ್ಜನಿಗೆ ಅದು ಜೋಗುಳದ ಹಾಗಿತ್ತು. ಕಣ್ಣು ತೂಗುತ್ತಿತ್ತು.

ಒಂದು ನಡು ಹಗಲು ಅವಳು ರಾಗ ಅರ್ಧಕ್ಕೇ ನಿಲ್ಲಿಸಿದಳು.

"ಅಜ್ಜ, ಬೆಳಿಗ್ಗೆ ನೀರು ಸೋಮಾರಿ."

"ಹೂಂ" ಎಂದ ಅಜ್ಜ, ಎಲ್ಲಿಂದಲೋ.

"ಈಗ ಎಂಟರ ಮಗ್ಗೀಲೇ, ಎಂಟಾರ್ಲ ನಲವತ್ತೆಂಟಕ್ಕೇ ಮುಳುಗ್ತು. ಬೆಳಿಗ್ಗೆ ಒಂಬತ್ತರ ಮಗ್ಗಿಗೆ ಬಂದು, ಒಂಬತ್ನಾಕ್ಲ ಮೂವತ್ತಾರರ ತನಕ ತೇಲ್ತಾ ಇತ್ತು. ನಿನ್ನೆನೂ ಹಂಗೇ. ಮೊನ್ನೆನೂ ಹಂಗೇ."

ನೌರೂಜ್ ಕಣ್ಣು ಬಿಟ್ಟ. "ಬೆಳಿಗ್ಗೆ ಚಳಿಗೆ ನಿನ್ನ ಹಲ್ಲು ಕಟಕಟ ಅಂತಿರ್ತವೆ ಕಣೆ. ಬೇಗ ಬೇಗ ಹೇಳ್ತೀಯ, ಜಾಸ್ತಿ ಹೇಳಿದ ಹಂಗೆ ಆಗುತ್ತೆ."

"ಇಲ್ಲ ಅಜ್ಜ. ನಾನು ಒಂದೇ ಸಮ ಹೇಳ್ತೀನಿ. ನೀರೇ ಬೆಳಿಗ್ಗೆ ಮೆಲ್ಲಗೆ ಹತ್ತುತ್ತೆ. ಅದಕ್ಕೂ ಎದ್ದೇಳಕ್ಕೆ ಬೇಜಾರು."

ಅಜ್ಜ ನಗಬೇಕಿತ್ತು. ನಗು ಬರಲಿಲ್ಲ. ಬಾಗಿಲಿನಾಚೆ ಬೀಬಿ ಮುನವ್ವರ್ ಗುದ್ದಲಿ ಹಿಡಿದು ತನ್ನ ಕಾಲುವೆಯ ಹಿಂದೆ ಓಡುತ್ತಿದ್ದದ್ದು ಕಂಡಿತು.

"ಎದ್ದು ಮನೆಗೆ ಹೋಗು" ಎಂದ. "ಬಟ್ಟಲಿನ ಮೇಲೆ ಮಾತು ಆಡ್ಬಾರ್ದು. ನಮ್ಮಪ್ಪ ಆಡ್ಲಿಲ್ಲ, ನಾನು ಆಡ್ಲಿಲ್ಲ. ಇನ್ನೊಂದು ಸಲ ಆ ಮಾತು ನಿನ್ನ ಬಾಯಲ್ಲಿ ಬಂದ್ರೆ ಇಲ್ಲಿಗೆ ಕಾಲಿಡ್ಬೇಡ."

ಅವಳು ಹೋದಳು. ಮೂರು ದಿನ ಬರಲಿಲ್ಲ.

ಆ ಮೂರು ದಿನ ನೌರೂಜನಿಗೆ ಗುಮ್ಮಟದ ಬೆಳಕು ಬೆಳಕಿನ ಹಾಗೆ ಕಾಣಲಿಲ್ಲ. ಯಾರೂ ನೋಡದಿದ್ದಾಗ ಜಪಮಣಿ ಹಿಡಿದು ಎಣಿಸಿದ. ನಸುಕಿನಲ್ಲಿ ಒಂದು ಬಟ್ಟಲಿಗೆ ಮಣಿಸರ ಐದು ಸುತ್ತು ಹೋಗಿ ಇಪ್ಪತ್ತೆರಡು ಮಣಿ. ನಡು ಹಗಲು ಐದು ಸುತ್ತು ಮುಗಿಯುವುದರೊಳಗೇ ಗುಳುಕ್. ಬೆರಳು ತಪ್ಪಿರಬೇಕು ಎಂದುಕೊಂಡ. ಮರುದಿನ ಮತ್ತೆ ಎಣಿಸಿದ. ಬೆರಳು ತಪ್ಪಿರಲಿಲ್ಲ. ಅಪ್ಪ ಎಂದಿನಂತೆ ಎದುರಿಗೆ ಬಂದು ಕೂರಲಿಲ್ಲ. ತೂಕಡಿಕೆಯಲ್ಲಿ ಬಂದದ್ದು ಬರೀ ಒಣಗಿದ ಪಾತಿ, ಒಂದರ ಹಿಂದೆ ಒಂದು, ಎಣಿಸಿದಷ್ಟೂ ಮುಗಿಯದ ಕೊನೆಯ ಪಾತಿಗಳು.

ಇನ್ನೊಬ್ಬರ ಪಾಲಿನ ನೀರು ಕುಡಿದವನು ಸತ್ತು ಅತ್ತಲಾಗೆ ಹೋದ ಮೇಲೆ ಏನು ಉತ್ತರ ಕೊಡುತ್ತಾನೆ ಎಂಬುದು ಅವನ ಭಯ. ಅದಕ್ಕಿಂತ ದೊಡ್ಡ ಭಯ ಇತ್ತಲಾಗಿನದು. ಅವನ ಹತ್ತಿರ ಇದ್ದದ್ದು ಒಂದೇ, ಹೆಸರು. ಅದೂ ನಸುಕಿನ ನೀರಿನ ಹಾಗೆ ಸುಳ್ಳಾಗಿದ್ದರೆ?

ಶುಕ್ರವಾರ ಶಾಲೆ ಇರಲಿಲ್ಲ. ಬಟ್ಟಲಿಗೆ ತಮ್ಮನನ್ನು ಕೂರಿಸಿ ನೌರೂಜ್ ಮಗಳ ಮನೆಗೆ ನಡೆದ. ಬಗಲಲ್ಲಿ ಬಟ್ಟೆ ಸುತ್ತಿದ ಗಂಟೊಂದಿತ್ತು.

"ಎಲ್ಲಿ ಆ ಸೋಮಾರಿ ನೀರಿನೋಳು?" ಎಂದ ಅಂಗಳದಲ್ಲಿ ನಿಂತು.

ಗುಲಂದಾಮ್ ಮಗ್ಗದ ಹಿಂದಿನಿಂದ ಇಣುಕಿದಳು. "ಬೈಯಕ್ಕೆ ಬಂದ್ಯಾ?"

"ಕೇಳಕ್ಕೆ ಬಂದೆ. ನಿನ್ನ ಮಾತು ನಿಜ ಅಂತ ಹೆಂಗೆ ತೋರಿಸ್ತೀಯ? ಮಗ್ಗಿ ನಂಬಲ್ಲ. ಜಪಮಣಿನೂ ನಂಬಲ್ಲ."

ಗಂಟಿನಲ್ಲಿ ಎರಡು ಬಟ್ಟಲಿದ್ದವು. ಒಂದು ದಿನಾ ನೀರಿಗಿಳಿಯುವ ಅವನ ಬಟ್ಟಲು; ಇನ್ನೊಂದು ಅದರ ಜೋಡಿ, ಹಾಳಾದರೆ ಇರಲಿ ಎಂದು ಅವನಪ್ಪ ಅದೇ ಕಂಚುಗಾರನಿಂದ ಮಾಡಿಸಿ ಎತ್ತಿಟ್ಟಿದ್ದದ್ದು. ಕೆಲಸಕ್ಕೆ ತಮ್ಮನಿಗೆ ಅದೇ ಅಳತೆಯ ಮೂರನೆಯದೊಂದು ಹಳೆಯದನ್ನು ಕೊಟ್ಟು ಬಂದಿದ್ದ. ಹುಡುಗಿ ಎರಡನ್ನೂ ಕೈಯಲ್ಲಿ ತೂಗಿ ನೋಡಿದಳು. ಆಮೇಲೆ ಓಡಿಹೋಗಿ ತಾಯಿಯ ಎರಡು ಬಾನಿ ಉರುಳಿಸಿಕೊಂಡು ಬಂದಳು, ಉಣ್ಣೆ ನೆನೆಸುವಂಥವು.

"ನನ್ನ ಬಾನಿ ಯಾಕೆ ನಿಮ್ಮಿಬ್ಬರ ಹುಚ್ಚಿಗೆ?" ಎಂದಳು ಶಹ್ರಬಾನು.

"ಸುಮ್ನಿರವ್ವ, ಇವತ್ತು ಅಜ್ಜ ನನ್ನ ಶಿಷ್ಯ."

ಒಂದು ಬಾನಿಗೆ ಅಂಗಳದ ಮೂಲೆಯ ತೊಟ್ಟಿಯಿಂದ ಮೇಲೆ ಕಟ್ಟಿದ್ದ ಮಂಜುಗಡ್ಡೆ ಒಡೆದು ನೀರು ತುಂಬಿದರು. ಇನ್ನೊಂದಕ್ಕೆ ಕಾರೀಜಿನಿಂದ ಆಗತಾನೆ ತಂದದ್ದು. ನೆಲದೊಳಗಿನ ನೀರು ಚಳಿಗಾಲದಲ್ಲಿ ಬೆಚ್ಚಗಿರುತ್ತದೆ. ಬಾನಿಯ ಮೇಲೆ ತೆಳ್ಳಗೆ ಹಬೆ ಆಡುತ್ತಿತ್ತು. ಅಜ್ಜ ತನ್ನ ಬಟ್ಟಲನ್ನು ಬೆಚ್ಚಗಿನದರಲ್ಲಿ ಬಿಟ್ಟ, ಮೊಮ್ಮಗಳು ಮುತ್ತಜ್ಜನ ಬಟ್ಟಲನ್ನು ತಣ್ಣಗಿನದರಲ್ಲಿ ಬಿಟ್ಟಳು, ಒಂದೇ ಉಸಿರಿಗೆ. ಇಬ್ಬರೂ ಮೊಣಕಾಲೂರಿ ಕೂತರು. ಅಂಗಳದಲ್ಲಿ ಮಗ್ಗದ ಸದ್ದೂ ನಿಂತಿತ್ತು. ಎರಡು ಬಟ್ಟಲುಗಳು ಎರಡು ಚಂದ್ರರ ಹಾಗೆ ಮೆಲ್ಲಮೆಲ್ಲಗೆ ಕಂತುತ್ತಿದ್ದವು.

ಬೆಚ್ಚಗಿನದರಲ್ಲಿ ಗುಳುಕ್. ತಣ್ಣಗಿನದು ಇನ್ನೂ ತೇಲುತ್ತಿತ್ತು. ತೇಲುತ್ತಲೇ ಇತ್ತು. ಹುಡುಗಿ ಬೇಕೆಂದೇ ಗಟ್ಟಿಯಾಗಿ ಎಣಿಸಿದಳು. ಹದಿನೆಂಟು ಎನ್ನುವಾಗ ಅದೂ ಮುಳುಗಿತು.

ನೌರೂಜ್ ದೊಡ್ಡ ಉಸಿರು ಬಿಟ್ಟ. "ಅಷ್ಟೇನಾ? ನಮ್ಮಪ್ಪನ ಬಟ್ಟಲಿನ ತೂತು ಚಿಕ್ಕದು ಕಣೆ! ನೀರಿನದಲ್ಲ ತಪ್ಪು, ತೂತಿಂದು." ಅವನ ಮುಖದ ಮೇಲೆ ಬಿಸಿಲು ಬಂದ ಹಾಗಾಯಿತು.

ಹುಡುಗಿ ಅವನನ್ನು ನೋಡಿದಳು. ಅಜ್ಜನ ಆ ಮುಖ ಅವಳಿಗೆ ಇಷ್ಟವಿತ್ತು. ಆದರೂ ಹೇಳಿದಳು: "ಹಂಗಾದ್ರೆ ಅದಲು ಬದಲು ಮಾಡೋಣ. ನಿನ್ನದು ತಣ್ಣಗಿನದಕ್ಕೆ, ಮುತ್ತಜ್ಜನದು ಬೆಚ್ಚಗಿನದಕ್ಕೆ. ತೂತಿನ ತಪ್ಪಾದ್ರೆ ನಿನ್ನದೇ ಮೊದಲು ಮುಳುಗಬೇಕು."

ನೌರೂಜ್ ಕೈ ಚಾಚಿದವನು ಹಾಗೇ ತಡೆದ. ಹಿಂದೆ ಸರಿಯುವುದಿದ್ದರೆ ಇದೇ ಹೊತ್ತು ಎಂದು ಅವನಿಗೆ ಗೊತ್ತಿತ್ತು. ಬಟ್ಟಲು ಎತ್ತಿ ಬಟ್ಟೆಯಲ್ಲಿ ಸುತ್ತಿಕೊಂಡರೆ ಆಯಿತು. ಹೆಸರು ಇದ್ದ ಹಾಗೇ ಇರುತ್ತದೆ, ಒಂಬತ್ತು ವರ್ಷದ ಹುಡುಗಿಯ ಮಾತನ್ನು ಯಾರು ಕೇಳುತ್ತಾರೆ? ಅವನು ತನ್ನ ಬಟ್ಟಲನ್ನು ತಣ್ಣಗಿನ ನೀರಿಗೆ ಬಿಟ್ಟ.

ಬೆಚ್ಚಗಿನದರಲ್ಲಿ ಅಪ್ಪನ ಬಟ್ಟಲು ಮುಳುಗಿತು. ತಣ್ಣಗಿನದರಲ್ಲಿ ಅವನ ಬಟ್ಟಲು, ನಲವತ್ತು ವರ್ಷ ಊರು ಆಣೆ ಇಟ್ಟ ಬಟ್ಟಲು, ಏನೂ ಅರಿಯದ ಹಾಗೆ ತೇಲುತ್ತಿತ್ತು.

"ಸಾಕ್ಷಿ ನೀರು" ಎಂದ ನೌರೂಜ್, ತನಗೆ ತಾನೇ. "ಇಡೀ ರಾತ್ರಿ ಕೊಪ್ಪರಿಗೇಲಿ ಕೊರೀತಾ ಇರುತ್ತೆ. ಬದಲಿಸ್ಬಾರ್ದು ಅಂತ ನಾವೇ ಕಾದ್ವಿ. ಕಾದು ಕಾದು ಸುಳ್ಳು ಹೇಳಿಸಿದ್ವಿ."

"ಯಾಕಜ್ಜ ಹಿಂಗಾಗುತ್ತೆ?" ಎಂದಳು ಗುಲಂದಾಮ್. ಅವಳಿಗೆ ಹೆಸರು, ಪಾಲು ಯಾವುದೂ ಬೇಕಿರಲಿಲ್ಲ. "ತಣ್ಣಗಾದ್ರೆ ನೀರು ಯಾಕೆ ಸೋಮಾರಿ ಆಗುತ್ತೆ?"

ಸಮೀಯಿ ಮೇಷ್ಟರನ್ನು ಕರೆತಂದಳು. ಅವರು ಮೂರು ಸಲ ನೋಡಿದರು, ಕೈಗಡಿಯಾರ ಹಿಡಿದು ಒಮ್ಮೆ, ಬಿಟ್ಟು ಎರಡು ಸಲ. ಕೋಟಿನ ತೋಳು ಒದ್ದೆಯಾಯಿತು. "ಇದಕ್ಕೆ ಪುಸ್ತಕದಲ್ಲಿ ಒಂದು ಹೆಸರಿದೆಯಮ್ಮ" ಎಂದರು ಕೊನೆಗೆ, ನಾಚಿಕೊಂಡು. "ನಾನು ಓದಿದ್ದು ಅಲ್ಲಿಯ ತನಕ ಹೋಗಲಿಲ್ಲ."

"ಹೇಳೋರು ಎಲ್ಲಿದಾರೆ ಸಾರ್?"

"ಮಶ್‌ಹದ್‌ನಲ್ಲಿ ಇರಬಹುದು. ಹೈಸ್ಕೂಲಿನಲ್ಲಿ."

ನೌರೂಜ್ ಅಲ್ಲಿ ಕೂರಲಿಲ್ಲ. ಚಹಾ ಎಂದು ಮಗಳು ಕೂಗುತ್ತಿದ್ದರೂ ಕೇಳದೆ ಬೀಬಿ ಮುನವ್ವರಳ ತೋಟದ ಕಡೆ ಹೋದ. ಆಕೆ ಕೊನೆಯ ಪಾತಿಯಲ್ಲೇ ಕೂತು ಒಣ ಕಡ್ಡಿ ಆಯುತ್ತಿದ್ದಳು. ಎಲೆ ಉದುರಿದ ದಾಳಿಂಬೆ ಗಿಡದಲ್ಲಿ ಒಡೆದು ಒಣಗಿದ ಎರಡು ಹಣ್ಣು ಉಳಿದಿದ್ದವು.

"ಬೀಬಿ, ನಿಮ್ಮ ನೀರು ಕಮ್ಮಿ ಇತ್ತು."

ಆಕೆ ತಲೆ ಎತ್ತಲಿಲ್ಲ.

"ನಿಮ್ಮದು ಕಮ್ಮಿ, ಹಾಜಿದು ಜಾಸ್ತಿ, ನನ್ನದೂ ಜಾಸ್ತಿ. ಬೇಕಂತ ಮಾಡಿದ್ದಲ್ಲ. ಆದ್ರೂ ಮಾಡಿದ್ದೇ."

"ನಲವತ್ತು ವರ್ಷ ಆಯ್ತು ನಾನು ಬೊಗಳೋಕೆ ಶುರು ಮಾಡಿ" ಎಂದಳು ಬೀಬಿ ಕಡ್ಡಿ ಮುರಿಯುತ್ತ. "ಇವತ್ತು ಬಿತ್ತಾ ಕಿವಿಗೆ?"

"ನನ್ನ ಕಿವಿಗಲ್ಲ. ಮೊಮ್ಮಗಳ ಕಿವಿಗೆ."

ಬೀಬಿಯ ಕೈ ನಿಂತಿತು. ಆಮೇಲೆ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡು, "ನನಗೇ ಹುಚ್ಚು ಅಂದ್ಕೊಂಡಿದ್ದೆ ಕಣೋ" ಎಂದಳು. "ಅರ್ಧ ಆಯಸ್ಸು ಹಂಗೇ ಅಂದ್ಕೊಂಡು ಕಳೆದೆ. ಹೋಗು ಈಗ, ಮುಖ ತೋರಿಸ್ಬೇಡ. ನಾನು ಒಂದಿಷ್ಟು ಅಳ್ಬೇಕು."

ಒಂದು ವಾರದ ಮೇಲೆ ಸರದಿಯ ಸುತ್ತು ಮುಗಿಯಿತು. ಸಾಕ್ಷಿ ನೀರು ಬದಲಿಸುವ ದಿನ ಪಾಲುದಾರರೆಲ್ಲ ಮರದ ಕೆಳಗೆ ಸೇರಿದರು. ಕೊಪ್ಪರಿಗೆ ಹೊರಗೆ ಬಂದಿತ್ತು. ನೌರೂಜ್ ಎದ್ದು ನಿಂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಧ್ವನಿ ಎಲ್ಲೂ ನಡುಗಲಿಲ್ಲ.

ಹಾಜಿ ಕಂಬರ್ ಮೊದಲು ನಕ್ಕ. ದಪ್ಪ ಮನುಷ್ಯ, ನಕ್ಕರೆ ಹೊಟ್ಟೆಯ ಮೇಲಿನ ಶಾಲು ಕುಣಿಯುತ್ತಿತ್ತು. "ನಿನ್ನ ಮೊಮ್ಮಗಳು ನೀರಿನ ನಾಡಿ ಹಿಡಿದ್ಲಾ? ಇನ್ನು ಕಾರೀಜಿಗೆ ಕಷಾಯ ಕುಡಿಸೋದೊಂದು ಬಾಕಿ!" ಎಲ್ಲರೂ ನಕ್ಕರು.

"ಬಾನಿ ಇಲ್ಲೇ ಇವೆ ಹಾಜಿ" ಎಂದ ನೌರೂಜ್. "ನೀವೇ ಬಿಡಿ ಬಟ್ಟಲು. ನೀವೇ ಅದಲು ಬದಲು ಮಾಡಿ."

ಹಾಜಿ ತೋಳು ಮಡಚಿ ಕೂತ. ಒಂದು ಸಲ ನೋಡಿದ, ಅದಲು ಬದಲು ಮಾಡಿ ಇನ್ನೊಂದು ಸಲ ನೋಡಿದ. ಮರದ ಕೆಳಗೆ ನಗು ಇರಲಿಲ್ಲ ಈಗ. ಎದ್ದಾಗ ಅವನ ಮುಖ ಕೆಂಪಾಗಿತ್ತು.

"ಹಂಗಾದ್ರೆ ನಲವತ್ತು ವರ್ಷ ಈ ಊರಿಗೆ ನೀರು ಅಳೆದೋನು ಕಳ್ಳ ಅಂತಾಯ್ತು. ಅದನ್ನ ಬಾಯಿ ಬಿಟ್ಟು ಹೇಳು ಮಶ್ದಿ. ಕಳ್ಳ ನೀನು."

ನೌರೂಜ್ ನಲವತ್ತು ವರ್ಷ ಹೆದರಿದ್ದ ಶಬ್ದ ಅದೊಂದೇ. ಬಾಯಿ ತೆರೆದ, ಹೌದು ಎನ್ನುತ್ತಿದ್ದನೋ ಏನೋ. ಅಷ್ಟರಲ್ಲಿ ಹೆಂಗಸರ ಕಡೆಯಿಂದ ಗುದ್ದಲಿ ನೆಲಕ್ಕೆ ಬಡಿದ ಸದ್ದಾಯಿತು.

"ಕಂಬರ್!" ಎಂದಳು ಬೀಬಿ ಮುನವ್ವರ್, ಹಾಜಿ ಎಂದೂ ಸೇರಿಸದೆ. "ನಿನ್ನ ಮನೇಲಿ ಕಳ್ಳತನ ಆದಾಗ ಕಳ್ಳ ಬಂದು ಬಾಗಿಲು ತಟ್ಟಿ, ಕದ್ದಿದ್ದು ನಾನೇ ಅಂತ ಹೇಳಿದ್ನೇನೋ? ಇವನು ನನ್ನ ಬಾಗಿಲು ತಟ್ಟಿದ. ತನ್ನ ನೀರು ಕಮ್ಮಿ ಆಗುತ್ತೆ ಅಂತ ಗೊತ್ತಿದ್ದೂ ತಟ್ಟಿದ. ಕಮ್ಮಿ ಬಿದ್ದಿದ್ದು ನನಗೆ. ಅವನನ್ನ ಬೈಯೋ ಹಕ್ಕು ನನ್ನದು, ನಿನ್ನದಲ್ಲ. ನೀನು ಕೂತ್ಕೋ."

ಹಾಜಿ ಕೂತ. ಕೂತವನು ಶಾಲು ಸರಿಮಾಡಿಕೊಂಡು ಕೇಳಿದ, "ಈಗ ಏನ್ ಮಾಡೋದು ಅಂತೆ ಆ ಹಕೀಮಮ್ಮ?"

ಹಕೀಮಮ್ಮ ಮರದ ಮೇಲಿದ್ದಳು. ಅಲ್ಲಿಂದಲೇ ಕೂಗಿದಳು. "ಒಬ್ಬೊಬ್ಬರ ಸರದಿಗೂ ಕಾರೀಜಿನಿಂದ ಹೊಸ ನೀರು ತುಂಬ್ಬೇಕು! ನೆಲದೊಳಗಿನ ನೀರು ಬೆಳಿಗ್ಗೆನೂ ಒಂದೇ, ಮಧ್ಯಾಹ್ನನೂ ಒಂದೇ!"

ತಾತಂದಿರ ಕಟ್ಟಳೆ ಮುರಿಯಬೇಕೋ ಬೇಡವೋ ಎಂದು ಸಂಜೆಯವರೆಗೆ ಜಗಳವಾಡಿದರು. ಕೊನೆಗೆ, ಹೊಸ ನೀರು ತುಂಬುವುದು, ಆಯಾ ಸರದಿಯವರೇ ಬಂದು ಕಣ್ಣಾರೆ ನೋಡುವುದು ಎಂದಾಯಿತು. ನೌರೂಜ್ ಕಲ್ಲಿನ ಗುಡ್ಡೆಯನ್ನು ಸಭೆಯ ಮುಂದಿಟ್ಟು, ಚಾಪೆ ಬೇರೆಯವರಿಗೆ ಕೊಡಿ ಎಂದ. ಯಾರೂ ಕೈ ಚಾಚಲಿಲ್ಲ. ಬೀಬಿ ಮುನವ್ವರ್ ಬಂದು, ಗುಡ್ಡೆಯನ್ನು ಕಾಲಿನಿಂದಲೇ ಅವನ ಕಡೆಗೆ ತಳ್ಳಿದಳು.

"ಹರಿದುಹೋದ ನೀರು ವಾಪಸ್ ಕೊಡ್ತೀನಿ ಅಂತ ನನ್ನ ಹತ್ರ ಬರ್ಬೇಡ, ಬೇಡ ನನಗೆ" ಎಂದಳು. "ಆ ಹುಡುಗಿನ ಕೊಡು. ಮಶ್‌ಹದ್‌ನಲ್ಲಿ ನನ್ನ ತಂಗಿ ಇದಾಳೆ, ಮಕ್ಕಳಿಲ್ಲ, ಮನೆ ತುಂಬ ಬೆಕ್ಕು. ಇಲ್ಲಿಯ ಓದು ಮುಗಿದ ಮೇಲೆ ಅಲ್ಲಿ ಬಿಡ್ತೀನಿ. ನಲವತ್ತು ವರ್ಷದಲ್ಲಿ ಒಂದು ಕಿವಿ ಹುಟ್ಟಿದೆ ಈ ಊರಲ್ಲಿ. ಅದನ್ನ ಮಗ್ಗದ ಮುಂದೆ ಕೂರಿಸಿ ಹಾಳು ಮಾಡ್ಬೇಡಿ."

ಶಹ್ರಬಾನು ಎರಡು ವರ್ಷ ಒಪ್ಪಲಿಲ್ಲ. ಮೂರನೆಯ ವರ್ಷ, ಕೇಸರಿ ಹೂ ಬಿಡುವ ಮೊದಲು, ಬೀಬಿ ಕತ್ತೆಯ ಮೇಲೂ ಹುಡುಗಿ ಅದರ ಬೆನ್ನಿಗೆ ಹೇರಿದ ಮೂಟೆಯ ಮೇಲೂ ಕೂತು ಬಸ್ಸು ನಿಲ್ಲುವ ಹೆದ್ದಾರಿಗೆ ಹೋದರು. ಅಜ್ಜ ಬಟ್ಟಲ ಮನೆಯಿಂದ ಹೊರಗೆ ಬರಲಿಲ್ಲ. ಅದು ಯಾರದೋ ಸರದಿಯ ನಡುವೆ. ಬಾಗಿಲಿನ ತಗ್ಗಿನಿಂದ ಅವರ ಕಾಲುಗಳು ಹೋದದ್ದಷ್ಟೇ ಕಂಡಿತು.

ಆ ಮೇಲಿನದು ಎಲ್ಲರಿಗೂ ಗೊತ್ತು. ಮಶ್‌ಹದ್‌ನ ಹೈಸ್ಕೂಲಿನಲ್ಲಿ ಬೆಕ್ಕುಗಳ ನಡುವೆ ಓದಿದ್ದು, ಟೆಹರಾನಿನಲ್ಲಿ ಇಡೀ ತರಗತಿಗೆ ಅವಳೊಬ್ಬಳೇ ಹುಡುಗಿಯಾಗಿದ್ದದ್ದು, ಪರದೇಶದವರು ಕರೆದದ್ದು. ಟೆಹರಾನಿನ ಮೊದಲ ವರ್ಷದ ಒಂದು ಕಾಗದವನ್ನು ಸಮೀಯಿ ಮೇಷ್ಟರು ಅಜ್ಜನಿಗೆ ಓದಿ ಹೇಳಿದ್ದರು. ಸೋಮಾರಿತನಕ್ಕೆ ಒಂದು ಹೆಸರೂ ಅಳತೆಯೂ ಇದೆಯಂತೆ, ಜೇನಿಗೂ ಎಣ್ಣೆಗೂ ಇದೆಯಂತೆ, ಬಿಸಿಗೂ ಅದಕ್ಕೂ ಹಗೆಯಂತೆ. ಯಾಕೆ ಎಂಬುದಕ್ಕೆ ಮಾತ್ರ ಅಲ್ಲಿಯವರು ಹೇಳುವ ಉತ್ತರ ಅವಳಿಗೆ ಸಾಲದಂತೆ. "ಸಾಲದಂತೆ!" ಎಂದು ನೌರೂಜ್ ಊರೆಲ್ಲ ಹೇಳಿಕೊಂಡು ತಿರುಗಿದ.

ವಿಮಾನ ಹತ್ತುವ ಮುಂಚೆ ಅವಳು ಊರಿಗೆ ಬಂದಳು. ಪಂಚಾಯಿತಿಯವರು ಗೋಡೆ ಗಡಿಯಾರ ತಂದು ಹಾಕಿ ಎರಡು ವರ್ಷವಾಗಿತ್ತು. ಕೊಪ್ಪರಿಗೆ ಖಾಲಿ. ನೌರೂಜ್ ದಿನವೂ ಬಂದು ಅದೇ ಚಾಪೆಯ ಮೇಲೆ ಕೂತು ಹೋಗುತ್ತಿದ್ದ. ಬೀಬಿ ಮುನವ್ವರಳಿಗೆ ಕಣ್ಣು ಹೋಗಿತ್ತು. 'ಏನೂ ಕಾಣದಿದ್ರೂ ನಿನ್ನ ಬೈಯಕ್ಕೆ ಬರ್ತೀನಿ' ಎಂದು ಕೋಲೂರಿಕೊಂಡು ಬಂದು ಎದುರಿಗೆ ಕೂರುತ್ತಿದ್ದಳು.

"ಒಂದು ಬಟ್ಟಲು ಕೊಡಜ್ಜ" ಎಂದಳು ಗುಲಂದಾಮ್.

"ಯಾವುದು?"

"ಯಾವುದಾದ್ರೂ."

ಅಜ್ಜ ಎರಡನ್ನೂ ಹೊರಗೆ ತೆಗೆದ. ಕಾರೀಜಿನಿಂದ ನೀರು ತರಿಸಿ, ಕೊಪ್ಪರಿಗೆ ತುಂಬಿಸಿದ. ಎರಡನ್ನೂ ಒಟ್ಟಿಗೇ ಬಿಟ್ಟರು. ನಡು ಹಗಲಾಗಿತ್ತು, ಎಷ್ಟೋ ದಿನದ ಮೇಲೆ ಗುಮ್ಮಟದಲ್ಲಿ ಬೆಳಕಿನ ಬಳ್ಳಿಗಳು ಹರಿದವು. ಗುಲಂದಾಮ್ ಚಿಕ್ಕಂದಿನ ಹಾಗೆ ಅಂಗಾತ ಮಲಗಿದಳು. ನೌರೂಜನ ರೆಪ್ಪೆ ಇಳಿಯಿತು. ಎದುರಿಗೆ ಅಪ್ಪ ಬಂದು ಕೂತ ಹಾಗಾಯಿತು, ಬಹಳ ಕಾಲದ ಮೇಲೆ.

"ಮುಳುಗ್ತೇನೋ?" ಎಂದಳು ಬೀಬಿ.

"ಇನ್ನೂ ಇಲ್ಲ ಬೀಬಿ."

"ನನ್ನದೇನಾದ್ರೂ ಕಮ್ಮಿ ಆಯ್ತೋ, ನೋಡು ಮತ್ತೆ."

ಗುಳುಕ್ ಎಂದಿತು ಒಂದು. ಕೂಡಲೇ, ಉಸಿರೆಳೆಯುವಷ್ಟರಲ್ಲಿ, ಇನ್ನೊಂದು. ನೌರೂಜನ ಕೈ ಕಣ್ಣು ತೆರೆಯುವ ಮುಂಚೆಯೇ ನೀರಿಗಿಳಿದು, ಎತ್ತಿ, ಬೋರಲು ಹಾಕಿತು. ಅಭ್ಯಾಸದಂತೆ ಎಡಗಡೆ ತಡಕಿತು. ಗುಡ್ಡೆ ಚದುರಿಹೋಗಿತ್ತು; ಒಂದೇ ಒಂದು ಬೆಣಚುಕಲ್ಲು ಸಿಕ್ಕಿತು. ಬಲಗಡೆಗೆ ಇಡಲು ಹೋದವನು ಅದನ್ನು ಒಂದು ಬಟ್ಟಲಿನೊಳಗೆ ಹಾಕಿ, ಮೊಮ್ಮಗಳ ಕೈಗೆ ಕೊಟ್ಟ.

"ಇನ್ನೊಂದು ಇಲ್ಲೇ ಇರ್ಲಿ" ಎಂದ. "ನಿನ್ನದರ ಮೇಲೆ ಎಂದಾದ್ರೂ ಅನುಮಾನ ಬಂದ್ರೆ, ಅದಲು ಬದಲು ಮಾಡೋಕೆ ಬೇಕಲ್ಲ."